ಸರಿಯಾದ ಕೊಡಾಕ್

ನಾರ್ಬರ್ಟ್ ಪ್ಲಿಸ್ಕಾನಿಗೆ ಈ ಲೋಕದಲ್ಲಿ ಗೊತ್ತಿಲ್ಲದ ಸಂಗತಿ ಒಂದೇ ಒಂದಿತ್ತು. ಅದು ಯಾವುದೆಂದು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ.

ವಿಸ್ಕಾನ್ಸಿನ್ ನದಿಯ ದಂಡೆಯಲ್ಲಿರುವ ನಮ್ಮೂರ ಕಾಗದದ ಕಾರ್ಖಾನೆಯಲ್ಲಿ ಅವನು ಮೂವತ್ತೊಂದು ವರ್ಷ ದುಡಿದಿದ್ದ. ಅದರಲ್ಲಿ ಇಪ್ಪತ್ತೆರಡು ವರ್ಷ ಕಾರ್ಖಾನೆಯ ಪ್ರೊಜೆಕ್ಟರ್ ಅವನ ಸುಪರ್ದಿಯಲ್ಲಿತ್ತು. ಯಂತ್ರಕ್ಕೆ ಕೈಯೊಡ್ಡಿ ಬೆರಳು ಕಳೆದುಕೊಳ್ಳಬೇಡಿ ಎಂದು ಕಾರ್ಮಿಕರಿಗೆ ಬುದ್ಧಿ ಹೇಳುವ ಚಿತ್ರವನ್ನು ವರ್ಷಕ್ಕೆರಡು ಸಲ ತೋರಿಸುವುದು ಅವನ ಜವಾಬ್ದಾರಿ. ಆ ಪ್ರೊಜೆಕ್ಟರಿನ ಮುಚ್ಚಳ ಹಾಕುವಾಗಲೇ ಅವನ ಎಡಗೈ ಕಿರುಬೆರಳಿನ ತುದಿ ಹೋಯಿತು. ಅಂದಿನಿಂದ ಕ್ಯಾಮೆರಾ, ಸಿನಿಮಾ, ವಿಡಿಯೊ ಎಂಬ ಮಾತು ಯಾರ ಬಾಯಿಂದ ಬಂದರೂ ನಾರ್ಬರ್ಟ್ ಆ ಮೊಂಡು ಬೆರಳನ್ನೆತ್ತಿ, "ಗೊತ್ತು, ಗೊತ್ತು. ನಾನು ಅದೇ ಲೈನಿನವನು" ಎನ್ನುತ್ತಿದ್ದ.

"ಅವನಿಗೆ ಗೊತ್ತು ಅಂದ್ರೆ ಬೇರೆ ಯಾರನ್ನಾದ್ರೂ ಕೇಳಿ ಅಂತ ಅರ್ಥ" ಎಂದು ಅವನ ಹೆಂಡತಿ ಬರ್ನಿಸ್ ಪಕ್ಕದಲ್ಲೇ ನಿಂತು ಅನುವಾದ ಮಾಡುತ್ತಿದ್ದಳು. ನಲವತ್ಮೂರು ವರ್ಷ ಈ ಅನುವಾದ ಬಿಡುವಿಲ್ಲದೆ ನಡೆಯಿತು. ಜನವರಿ ಹದಿನೇಳರಂದು ನಿಂತುಹೋಯಿತು.

ಮಕ್ಕಳಿರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಊರಿನ ಹೆಂಗಸರು ಗಾಜಿನ ಪಾತ್ರೆಗಳಲ್ಲಿ ಆಲೂಗಡ್ಡೆ, ಚೀಸು, ನೂಡಲ್ಸುಗಳ ಬೇಯಿಸಿದ ಅಡುಗೆ ತಂದು ಅವನ ಫ್ರಿಜ್ಜು ತುಂಬಿಸಿದರು. ನಾರ್ಬರ್ಟ್ ಒಂದೊಂದನ್ನೇ ತೆಗೆದು, ಯಾರ ಪಾತ್ರೆ ಯಾವುದೆಂದು ನೋಡಿ, ಮತ್ತೆ ಒಳಗಿಟ್ಟು, ಬ್ರೆಡ್ಡು ತಿನ್ನುತ್ತಿದ್ದ.

ಅವನಿಗೆ ಒಂದೇ ಒಂದು ಕೆಲಸ ಬಾಕಿ ಉಳಿದಿತ್ತು. ಅದು ಬರ್ನಿಸ್ ಒಪ್ಪಿಸಿ ಹೋದ ಕೆಲಸ.

ಬರ್ನಿಸಳಿಗೆ ಲುಸಿಲ್ ಎಂಬ ಅಕ್ಕ. ಒಂಬತ್ತು ವರ್ಷದ ಹಿಂದೆ ಅವರ ತಾಯಿ ತೀರಿಕೊಂಡಾಗ ಶವಪೆಟ್ಟಿಗೆಯಲ್ಲಿ ಮಲಗಿದ್ದ ಅಮ್ಮನ ತುಟಿಗೆ ಲುಸಿಲ್ ಕೆಂಪು ಲಿಪ್‌ಸ್ಟಿಕ್ ಹಚ್ಚಿದಳು. ಬರ್ನಿಸ್ ಬಂದವಳೇ ಕರ್ಚೀಫು ತೆಗೆದು ಎಲ್ಲರ ಎದುರಿಗೆ ಅದನ್ನು ಒರೆಸಿಬಿಟ್ಟಳು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಆ ದಿನವೂ ಆಡಲಿಲ್ಲ, ಅದಾದ ಮೇಲೆ ಒಂಬತ್ತು ವರ್ಷವೂ ಆಡಲಿಲ್ಲ.

ಹೀಗಿದ್ದವಳು ಕಳೆದ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಅಡುಗೆಮನೆಯ ಮೇಜಿನ ಮುಂದೆ ಕೂತು, "ನಾರ್ಬಿ, ನಿನ್ನ ಆ ಹೊಸ ಕ್ಯಾಮೆರಾ ತಗೊಂಡ್ಬಾ. ಲುಸಿಲ್‌ಗೆ ನಾಲ್ಕು ಮಾತು ಹೇಳ್ಬೇಕು" ಎಂದಳು.

ನಾರ್ಬರ್ಟ್ ಹಿಟ್ಟಿನ ಡಬ್ಬಿಯ ಮೇಲೆ ಕ್ಯಾಮೆರಾ ಕೂರಿಸಿದ. ಅದರಲ್ಲಿ ಏನೇನು ಹೆಚ್ಚು ಮಾಡಲು ಸಾಧ್ಯವೋ ಎಲ್ಲವನ್ನೂ ಹೆಚ್ಚು ಮಾಡಿದ. "ನಿನ್ನ ಮುಖದ ಒಂದು ಗೆರೇನೂ ತಪ್ಪಬಾರ್ದು" ಎಂದ.

"ಗೆರೆ ತೋರಿಸೋಕೆ ಇಷ್ಟು ಖರ್ಚಾ? ನಡಿ, ಹೊರಗೆ ಹೋಗಿ ಹಿಮ ಎತ್ತು" ಎಂದು ಅವಳು ಅಟ್ಟಿದಳು.

ಅವನು ತನ್ನ ಮನೆ ಮುಂದಿನ ಹಿಮ ಎತ್ತಿದ. ಪಕ್ಕದ ಮನೆಯ ವರ್ನ್‌ನ ಹಿಮವನ್ನೂ ಎತ್ತಿದ. ಒಳಗೆ ಬಂದಾಗ ಬರ್ನಿಸ್ ಒಳಕೋಣೆಯಲ್ಲಿ ಮಲಗಿದ್ದಳು. ಕ್ಯಾಮೆರಾ ಖಾಲಿ ಅಡುಗೆಮನೆಯನ್ನು ನೋಡಿ ನೋಡಿ ಬ್ಯಾಟರಿ ತೀರಿ ಕಣ್ಣುಮುಚ್ಚಿತ್ತು. "ನಿಲ್ಲಿಸೋದು ಹೇಗೆ ಅಂತ ಹೇಳಿಕೊಟ್ಟಿದ್ಯಾ ನೀನು?" ಎಂದು ಬೈದವಳು, ಆಮೇಲೆ ಮೆಲ್ಲಗೆ, "ನಾನು ಹೋದ ಮೇಲೆ ಕಳ್ಸು. ಈಗ್ಲೇ ಕಳ್ಸಿದ್ರೆ ಅವಳು ಜವಾಬು ಕೊಡ್ತಾಳೆ" ಎಂದಳು.

ಆ ವಿಡಿಯೊವನ್ನು ನಾರ್ಬರ್ಟ್ ತೆರೆದು ನೋಡಿರಲಿಲ್ಲ. ಬದುಕಿದ್ದಾಗ ಅವಳು ಬಿಡಲಿಲ್ಲ. ಹೋದ ಮೇಲೆ ಅವನಿಂದ ಆಗಲಿಲ್ಲ.

ಲುಸಿಲ್ ಇದ್ದದ್ದು ಮಿಶಿಗನ್ನಿನ ಉತ್ತರದ ತುದಿಯ ಒಂದು ವೃದ್ಧಾಶ್ರಮದಲ್ಲಿ. ಅವಳ ಹೃದಯ ರಾಜೀನಾಮೆ ಪತ್ರ ಬರೆದಾಗಿತ್ತು, ಒಪ್ಪಿಗೆ ಬರುವುದೊಂದೇ ಬಾಕಿ. ದಾರಿಯೆಲ್ಲ ಹಿಮ, ನಾರ್ಬರ್ಟನ ಕಣ್ಣಿಗೆ ಪೊರೆ, ಕಾರು ಮುಟ್ಟಬಾರದೆಂದು ವೈದ್ಯರ ಆಜ್ಞೆ. ಹೀಗಾಗಿ ಫೆಬ್ರವರಿಯ ಮೊದಲ ಸೋಮವಾರ ಅವನು ಆಶ್ರಮಕ್ಕೆ ಫೋನು ಮಾಡಿದ. ಲುಸಿಲಳನ್ನು ನೋಡಿಕೊಳ್ಳುವ ಬ್ರಿಯಾನಾ ಎಂಬ ನರ್ಸು ಮಾತಾಡಿದಳು.

"ವಿಡಿಯೊ ಎಷ್ಟು ದೊಡ್ಡದಿದೆ ಸರ್?"

"ಒಂದು ಗಂಟೆ ಹತ್ತು ನಿಮಿಷ."

"ಹಾಗಲ್ಲ, ಫೈಲ್ ಎಷ್ಟು ದೊಡ್ಡದು?"

"ಇಪ್ಪತ್ತಾರು ಜಿಬಿ!" ಎಂದ ನಾರ್ಬರ್ಟ್, ಹುಟ್ಟಿದ ಮಗುವಿನ ತೂಕ ಹೇಳುವ ಅಪ್ಪನ ದನಿಯಲ್ಲಿ.

"ನಮ್ಮ ಇಂಟರ್ನೆಟ್‌ನಲ್ಲಿ ಅದು ಇಳಿಯೋದು ಏಪ್ರಿಲ್‌ಗೆ, ಸರ್. ಅಲ್ಲಿ ತನಕ..." ಎಂದು ನಿಲ್ಲಿಸಿದಳು. "ಇವರ ಟ್ಯಾಬ್ಲೆಟ್ ತುಂಬಾ ಹಳೇದು. ಪೆನ್ ಡ್ರೈವ್ ಹಾಕೋಕೆ ಜಾಗ ಕೂಡ ಇಲ್ಲ. ಇನ್ನೂರು ಎಂಬಿ ಒಳಗೆ ಮಾಡಿ, ನಾನೊಂದು ಲಿಂಕ್ ಕಳಿಸ್ತೀನಿ, ಅದಕ್ಕೆ ಹಾಕಿ. ಕಷ್ಟ ಏನಿಲ್ಲ, ಸರಿಯಾದ ಕೋಡೆಕ್ ಆರಿಸ್ಕೊಂಡ್ರೆ ಚಿಕ್ಕದಾಗುತ್ತೆ. ಗೊತ್ತಲ್ವಾ?"

ಫೋನಿನಲ್ಲಿ ಗರಗರ ಸದ್ದಿತ್ತು. ನಾರ್ಬರ್ಟನ ಬಲಗಿವಿ ಕಾರ್ಖಾನೆಗೆ ಅರ್ಪಿತವಾಗಿ ಎಷ್ಟೋ ವರ್ಷವಾಗಿತ್ತು. ಅವನಿಗೆ ಕೇಳಿಸಿದ್ದು: ಸರಿಯಾದ ಕೊಡಾಕ್.

"ಗೊತ್ತು, ಗೊತ್ತು" ಎಂದ. "ಕೊಡಾಕ್ ಗೊತ್ತಿಲ್ದೆ ಇರುತ್ತಾ? ನಾನು ಅದೇ ಲೈನಿನವನು."

ಅನುವಾದ ಮಾಡಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಮೊದಲು ಹೋದದ್ದು ವರ್ನ್‌ನ ಮನೆಗೆ. ವರ್ನ್ ಟೆಸ್ಮರ್ ಕೂಡ ಕಾರ್ಖಾನೆಯಿಂದ ನಿವೃತ್ತನಾದವನೇ. ಗರಾಜಿನಲ್ಲಿ ಹಿಮದ ಯಂತ್ರ ಬಿಚ್ಚಿಕೊಂಡು ಕೂತಿದ್ದ.

"ವರ್ನ್, ನಿನ್ನ ಹತ್ರ ಕೊಡಾಕ್ ಇದ್ಯಾ?"

"ಕ್ಯಾಮೆರಾನಾ? ಅಟ್ಟದ ಮೇಲೆ ಎಲ್ಲೋ ಇರ್ಬೇಕು. ಯಾತಕ್ಕೋ?"

"ಬರ್ನಿಸ್‌ದು ವಿಡಿಯೊ ಇದೆ. ದೊಡ್ಡದಾಗೋಗಿದೆ. ಸರಿಯಾದ ಕೊಡಾಕ್ ಇದ್ರೆ ಚಿಕ್ಕದು ಮಾಡಬಹುದಂತೆ. ನರ್ಸ್ ಹೇಳಿದ್ಲು."

ವರ್ನ್ ಸ್ಪ್ಯಾನರನ್ನು ಕೆಳಗಿಟ್ಟು ತುಂಬ ಹೊತ್ತು ಯೋಚಿಸಿದ. ಗಂಡಸರಿಬ್ಬರು ಗರಾಜಿನಲ್ಲಿ ನಿಂತು ಯೋಚಿಸಿದರೆ ಲೋಕದಲ್ಲಿ ವಿವರಣೆ ಸಿಗದ ವಿಷಯವೇ ಇಲ್ಲ. "ಅಂದ್ರೆ," ಎಂದ ಕೊನೆಗೆ, "ದೊಡ್ಡ ವಿಡಿಯೊನ ಕಂಪ್ಯೂಟರ್‌ನಲ್ಲಿ ಹಾಕಿ, ಚಿಕ್ಕ ಕ್ಯಾಮೆರಾದಲ್ಲಿ ಅದನ್ನೇ ಮತ್ತೆ ತೆಗೀಬೇಕು. ಚಿಕ್ಕ ಕ್ಯಾಮೆರಾದಲ್ಲಿ ಎಷ್ಟು ಹಿಡಿಯುತ್ತೋ ಅಷ್ಟೇ ತಾನೇ ಬರೋದು!"

"ಅದನ್ನೇ ನಾನೂ ಅಂದ್ಕೊಂಡಿದ್ದು" ಎಂದ ನಾರ್ಬರ್ಟ್. ಅಂದುಕೊಂಡಿರಲಿಲ್ಲ.

ವರ್ನ್‌ನ ಕೊಡಾಕಿನಲ್ಲಿ ವಿಡಿಯೊ ಇರಲಿಲ್ಲ, ರೀಲಿನದು. ಅದು ಸರಿಯಾದದ್ದಲ್ಲ ಎಂದು ತೀರ್ಮಾನವಾಯಿತು. ಹಾಗಾದರೆ ಸರಿಯಾದದ್ದು ಯಾವುದು? ವರ್ನ್ ತನ್ನ ಹೆಂಡತಿಯನ್ನು ಕೇಳಿದ. ಅವಳು ಚರ್ಚಿನ ಆಫೀಸಿನ ಆರ್ಡಿಸಳಿಗೆ ಫೋನು ಮಾಡಿದಳು. ಆರ್ಡಿಸಳಿಗೆ ಒಂದು ವಿಷಯ ಗೊತ್ತಾಗುವುದಕ್ಕೂ ಊರಿಗೆ ಗೊತ್ತಾಗುವುದಕ್ಕೂ ನಡುವೆ ಇರುವ ಅಂತರ ಒಂದು ಕಪ್ ಕಾಫಿಯಷ್ಟು. ಆದರೆ ಆ ಕಾಫಿ ಆರುವಷ್ಟರಲ್ಲಿ ಸುದ್ದಿಗೆ ಸಕ್ಕರೆ ಹಾಲು ಎಲ್ಲ ಬಿದ್ದಿರುತ್ತಿತ್ತು. ಶುಕ್ರವಾರ ಸಂಜೆ ಐದಕ್ಕೆ ಚರ್ಚಿನ ಸಭಾಂಗಣದಲ್ಲಿ ವಾರದ ಮೀನೂಟಕ್ಕೆ ಊರೆಲ್ಲ ಸೇರಿದಾಗ, ಫಾದರ್ ಗೆರಾಲ್ಡ್ ಮೈಕು ಹಿಡಿದು ಎದ್ದು ನಿಂತರು.

"ನಮ್ಮನ್ನಗಲಿದ ಬರ್ನಿಸ್ ಪ್ಲಿಸ್ಕಾ ಅವರ ಕೊನೆಯ ಆಸೆ ಒಂದಿದೆ" ಎಂದರು. "ತಮ್ಮ ನೆನಪಿಗೆ ಹೂವು ಬೇಡ, ಕೊಡಾಕ್ ಕ್ಯಾಮೆರಾ ಕೊಡಿ ಅಂತ ಅವರು ಹೇಳಿ ಹೋಗಿದಾರೆ. ನಮ್ಮ ನಾರ್ಬರ್ಟ್ ಅದನ್ನ ಸಂಗ್ರಹಿಸ್ತಿದಾರೆ."

ನಾರ್ಬರ್ಟ್ ಬಾಯಲ್ಲಿದ್ದ ಮೀನನ್ನು ನುಂಗಲಾರದೆ ಕೈಯಾಡಿಸಿದ. ಅವನು ಕಣ್ಣೀರು ತಡೆಯುತ್ತಿದ್ದಾನೆಂದು ತಿಳಿದ ಅಕ್ಕಪಕ್ಕದವರು ಬೆನ್ನು ಸವರಿದರು. ಮುಳ್ಳೊಂದು ಕೆಳಗಿಳಿಯಿತು.

ಮರುದಿನ ಬೆಳಿಗ್ಗೆಯಿಂದ ಕ್ಯಾಮೆರಾಗಳು ಬರತೊಡಗಿದವು. ಪೆಟ್ಟಿಗೆಯಂಥವು, ಮಡಿಚುವಂಥವು, ಒಂದೇ ಸಲ ಬಳಸಿ ಎಸೆಯುವ ಕಾಗದದವು, ಚರ್ಮದ ಚೀಲದಲ್ಲಿ ಬೂಷ್ಟು ಹಿಡಿದವು. ನಿವೃತ್ತ ಶೆರಿಫ್ ಒಬ್ಬರು ಒಂದನ್ನು ಸೆಲ್ಯೂಟಿನೊಂದಿಗೆ ಒಪ್ಪಿಸಿದರು. ಅದು ಯಾವುದೋ ಹಳೆಯ ಕಳ್ಳತನದ ಸಾಕ್ಷಿಯಂತೆ, ಕಳ್ಳ ತೀರಿಕೊಂಡನಂತೆ. ಬ್ಯಾಂಕಿನ ಮ್ಯಾನೇಜರರ ಹೆಂಡತಿ ಬೇರೆ ಕಂಪನಿಯ ಕ್ಯಾಮೆರಾ ತಂದು, "ಬರ್ನಿಸ್ ಬೇಜಾರು ಮಾಡ್ಕೊಳಲ್ಲ ತಾನೇ?" ಎಂದು ಮೂರು ಸಲ ಕೇಳಿದಳು. "ಇಲ್ಲ, ಇಲ್ಲ" ಎನ್ನುತ್ತ ನಾರ್ಬರ್ಟ್ ಎಲ್ಲವನ್ನೂ ತೆಗೆದುಕೊಂಡ. ತನಗೆ ಬೇಕಾದ್ದು ಒಂದೇ, ಸರಿಯಾದದ್ದು, ಎಂದು ಹೇಳಬೇಕೆಂದು ಪ್ರತಿ ಸಲ ಬಾಯಿ ತೆರೆಯುತ್ತಿದ್ದ. ಬಂದವರು ಅಷ್ಟರಲ್ಲಿ ಬರ್ನಿಸಳ ಮಾತು ತೆಗೆಯುತ್ತಿದ್ದರು. ಬಾಯಿ ಹಾಗೇ ಮುಚ್ಚುತ್ತಿತ್ತು.

ನದಿಯಾಚೆಯ ಹೈನುಗಾರ ಎಲ್ರಾಯ್ ಸ್ಟೀಗ್ ಕೊನೆಗೆ ಬಂದ. ಬಾಗಿಲಲ್ಲೇ ನಿಂತು ಒಂದು ಚಿಕ್ಕ ಕಪ್ಪು ಕ್ಯಾಮೆರಾವನ್ನು ಚಾಚಿದ. ಬಿಡಲಿಲ್ಲ. ನಾರ್ಬರ್ಟ್ ಒಂದು ತುದಿ ಹಿಡಿದ, ಎಲ್ರಾಯ್ ಇನ್ನೊಂದು ತುದಿ.

"ಇದರಲ್ಲಿ ರೀಲಿದೆ" ಎಂದ ಎಲ್ರಾಯ್. "ನನ್ನ ಹೆಂಡ್ತಿ ಜೋನ್ ತೆಗೆದಿದ್ದು. ಹದಿನೈದು ಫೋಟೋ ತೆಗೆದಿದ್ಲು, ಇನ್ನೂ ಒಂಬತ್ತು ಉಳಿದಿತ್ತು. ಮುಗಿಸಿ ತೊಳೆಸೋಣ ಅಂತಿದ್ಲು. ಅವಳು ಹೋಗಿ ಹನ್ನೊಂದು ವರ್ಷ ಆಯ್ತು. ಕೊಡೋಕೆ ಮನಸ್ಸಿಲ್ಲ ನಾರ್ಬಿ, ಆದ್ರೆ ಬರ್ನಿಸ್ ಕೇಳಿದಾಳೆ ಅಂದ್ಮೇಲೆ..."

"ತಗೊಂಡು ಹೋಗು ಎಲ್ರಾಯ್" ಎಂದ ನಾರ್ಬರ್ಟ್. "ಅದು... ಅದು ಸರಿಯಾದ್ದಲ್ಲ."

ಎಲ್ರಾಯ್ ಕ್ಯಾಮೆರಾವನ್ನು ಕೋಟಿನೊಳಗೆ ಇಟ್ಟುಕೊಂಡು ಬೇಗ ಬೇಗ ಇಳಿದು ಹೋದ. ಆ ವಾರ ನಾರ್ಬರ್ಟ್ ಗೊತ್ತಿದ್ದು ಆಡಿದ ಮಾತು ಅದೊಂದೇ.

ಭಾನುವಾರ ಅವನು ಪ್ರಯೋಗಕ್ಕಿಳಿದ. ಬಂದದ್ದರಲ್ಲಿ ವಿಡಿಯೊ ತೆಗೆಯುವಂಥದ್ದು ಒಂದು ಸಿಕ್ಕಿತು. ಲ್ಯಾಪ್‌ಟಾಪಿನ ಎದುರಿಗೆ ಅದನ್ನು ಹಿಡಿದು, ಬರ್ನಿಸಳ ವಿಡಿಯೊ ಶುರುಮಾಡಿ, ತಾನು ನೋಡಬಾರದು, ಕೇಳಬಾರದು ಎಂದು ಕಿವಿಗೆ ಹತ್ತಿ ತುರುಕಿ, ಕಣ್ಣು ಮುಚ್ಚಿಕೊಂಡು ನಿಂತ. ಮೂವತ್ತು ಸೆಕೆಂಡಿಗೆ ಕ್ಯಾಮೆರಾ ತುಂಬಿಹೋಯಿತು. ಬಂದ ಚಿತ್ರದಲ್ಲಿ ಹೊಳೆಯುವ ಗಾಜು, ಅದರೊಳಗೆ ಒಳಂಗಿ ತೊಟ್ಟು ಕಣ್ಣು ಮುಚ್ಚಿ ನಿಂತ ಒಬ್ಬ ಮುದುಕ, ಅವನ ಹೊಟ್ಟೆಯ ಹಿಂದೆಲ್ಲೋ ಬರ್ನಿಸಳ ಒಂದು ಕಿವಿ. ಸೈಜು ಮಾತ್ರ ನಿಜಕ್ಕೂ ಚಿಕ್ಕದಾಗಿತ್ತು.

ಸೋಮವಾರ ಬೆಳಿಗ್ಗೆ ಬ್ರಿಯಾನಾ ಫೋನು ಮಾಡಿದಳು. "ಸರ್, ನಾನು ಅವಸರ ಮಾಡ್ತಿಲ್ಲ. ಆದ್ರೆ ಲುಸಿಲ್ ಎರಡು ದಿನದಿಂದ ಊಟ ಮುಟ್ಟಿಲ್ಲ. ನಿಮ್ಮ ವಿಡಿಯೊ ಬರುತ್ತೆ ಅಂತ ಹೇಳ್ಬಿಟ್ಟಿದ್ದೆ ನಾನು. ಬೆಳಿಗ್ಗೆ ಎದ್ದ ತಕ್ಷಣ ಕೇಳ್ತಾರೆ, ಬಂತಾ ಅಂತ."

ನಾರ್ಬರ್ಟ್ ಬಟ್ಟೆ ಒಗೆಯುವ ಬುಟ್ಟಿಗೆ ನಲವತ್ತೇಳು ಕ್ಯಾಮೆರಾ ತುಂಬಿದ. ಲ್ಯಾಪ್‌ಟಾಪನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬುಟ್ಟಿಯನ್ನು ವರ್ನ್‌ನ ಮೊಮ್ಮಕ್ಕಳ ಜಾರುಗಾಡಿಯ ಮೇಲಿಟ್ಟು, ಹಿಮದ ಮೇಲೆ ಹಗ್ಗದಿಂದ ಎಳೆಯುತ್ತ ಊರ ಲೈಬ್ರರಿಗೆ ಹೋದ. ಲೈಬ್ರರಿಯನ್ ಪಾ ಹುವಾ ವಾಂಗ್ ನಲವತ್ತರ ಹೆಂಗಸು. ಹ್ಮಾಂಗ್ ಜನಾಂಗದ ಅವಳ ತಂದೆತಾಯಿ ಲಾವೋಸಿನಿಂದ ಈ ಊರಿಗೆ ಬಂದು ಅದೇ ಕಾರ್ಖಾನೆಯಲ್ಲಿ ದುಡಿದವರು. ನಾರ್ಬರ್ಟನ ಚಿತ್ರ ನೋಡಿ ಬೆರಳು ಉಳಿಸಿಕೊಂಡವರು.

"ಮಿಸ್ ವಾಂಗ್, ಇದರಲ್ಲಿ ಸರಿಯಾದ್ದು ಯಾವುದು ಅಂತ ಸ್ವಲ್ಪ ನೋಡಿ."

ಅವಳು ಬುಟ್ಟಿ ನೋಡಿದಳು, ಅವನನ್ನು ನೋಡಿದಳು. "ಯಾವುದಕ್ಕೆ ಸರಿಯಾದ್ದು ಮಿಸ್ಟರ್ ಪ್ಲಿಸ್ಕಾ?"

ಅವನು ಹೇಳಿದ. ನರ್ಸು, ಲುಸಿಲ್, ಇಪ್ಪತ್ತಾರು ಜಿಬಿ, ಕೊಡಾಕ್. ಹೇಳುತ್ತ ಹೇಳುತ್ತ ಅವಳ ಮುಖದಲ್ಲಿ ಏನೋ ಬದಲಾದದ್ದನ್ನು ಕಂಡು ಅವನ ದನಿ ಸಣ್ಣದಾಯಿತು.

"ಅವರು ಹೇಳಿದ್ದು ಕೋಡೆಕ್ ಇರ್ಬೇಕು" ಎಂದಳು ಪಾ ಹುವಾ. "ಕೋ-ಡೆಕ್. ವಿಡಿಯೊನ ಒತ್ತಿ ಮಡಿಸಿಡೋ ವಿಧಾನ ಅದು. ಕಂಪ್ಯೂಟರ್‌ನಲ್ಲೇ ಇರುತ್ತೆ."

ಅವಳು ನಗಲಿಲ್ಲ. ನಕ್ಕಿದ್ದರೆ ನಾರ್ಬರ್ಟ್ ತಾನೂ ನಕ್ಕು ಪಾರಾಗುತ್ತಿದ್ದ.

"ಗೊತ್ತು, ಗೊತ್ತು" ಎಂದ, ಕ್ಯಾಮೆರಾಗಳ ಮೇಲೆ ತನ್ನ ಟೋಪಿ ಮುಚ್ಚುತ್ತ. "ಅದನ್ನೇ ನಾನು ಹೇಳಿದ್ದು."

ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಯಾವ ಅಳತೆಗೆ ಇಳಿಸಬಹುದೆಂದು ತಿಳಿಯಲು ಒಂದು ಸಲ ನೋಡಲೇಬೇಕು ಎಂದಳು. ನಾರ್ಬರ್ಟ್ ಕಿಟಕಿಯ ಕಡೆ ಮುಖ ಮಾಡಿ, "ನೋಡಿ" ಎಂದ.

"ನಡೀತಿದ್ಯಾ ಇದು?" ಎಂದಳು ಬರ್ನಿಸ್.

ನಾರ್ಬರ್ಟ್ ತಿರುಗಿಬಿಟ್ಟ.

ಅವಳು ಮೇಜಿನ ಮುಂದೆ ಕೂತಿದ್ದಳು. ಒಂದು ಗೆರೆಯೂ ತಪ್ಪಿರಲಿಲ್ಲ. ಸುಮಾರು ಹೊತ್ತು ಲುಸಿಲಳನ್ನು ಬೈದಳು: ಅವಳ ಕಾರು ಓಡಿಸುವ ರೀತಿ, ಅವಳ ಮೊದಲ ಗಂಡ, ಅವಳ ಎರಡನೇ ಗಂಡ. ಆಮೇಲೆ ಮೇಜಿನ ಮೇಲಿದ್ದ ಹಿಟ್ಟನ್ನು ಕೈಯಿಂದ ಒಟ್ಟು ಮಾಡುತ್ತ, ಕ್ಯಾಮೆರಾ ನೋಡದೆ ಹೇಳಿದಳು:

"ಆ ಬಣ್ಣ ಸರಿಯಾಗೇ ಇತ್ತು ಲೂಸಿ. ಅಮ್ಮ ಚೆನ್ನಾಗಿ ಕಾಣ್ತಿದ್ಲು. ಎದ್ದು ಕೂತು ಮಾತಾಡ್ತಾಳೇನೋ ಅನ್ನೋ ಹಾಗೆ ಕಾಣ್ತಿದ್ಲು. ನನಗೆ ಅದನ್ನ ನೋಡೋಕಾಗ್ಲಿಲ್ಲ. ಅದಕ್ಕೇ ಒರೆಸಿದ್ದು. ನೀನು ಮಾಡಿದ್ದು ತಪ್ಪು ಅಂತಲ್ಲ."

ಒಟ್ಟಾದ ಹಿಟ್ಟನ್ನು ಮೇಜಿನಂಚಿಗೆ ತಳ್ಳಿದಳು. "ಅಷ್ಟೇ. ನಾರ್ಬಿ! ಇದನ್ನ ನಿಲ್ಸು. ನಾರ್ಬಿ!" ಎಂದು ಕೂಗಿದಳು. ಹೊರಗೆ ಸನಿಕೆಯ ಸದ್ದು ಕೇಳುತ್ತಿತ್ತು. "ಎಲ್ಲಾ ಗೊತ್ತು ಅವನಿಗೆ" ಎಂದು ಗೊಣಗಿ, ಮೇಜಿಗೆ ಕೈಯೂರಿ ಎದ್ದು, ಚೌಕಟ್ಟಿನಿಂದಾಚೆ ಹೋದಳು.

ಹದಿನೆಂಟು ನಿಮಿಷವಾಗಿತ್ತು. ಮುಂದೆ ಬರೀ ಅಡುಗೆಮನೆ. ಕುರ್ಚಿ, ಗೋಡೆ, ಫ್ರಿಜ್ಜು. ದೂರದಲ್ಲಿ ನಲ್ಲಿಯ ಸದ್ದು.

ಪಾ ಹುವಾ ವಿಡಿಯೊ ನಿಲ್ಲಿಸಿ, ಕಣ್ಣೊರೆಸಿಕೊಂಡು, ಕೆಲಸದ ದನಿ ತಂದುಕೊಂಡಳು. "ಉಳಿದಿದ್ದನ್ನ ಕತ್ತರಿಸಿಬಿಟ್ರೆ ಸುಲಭ. ಐವತ್ತೆರಡು ನಿಮಿಷ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ? ಅವಳು ಅಲ್ಲೇ ಸಿಂಕ್ ಹತ್ರ ಇದಾಳಲ್ಲ!"

"ಕಾಣ್ತಿಲ್ವಲ್ಲ."

"ಕಾಣ್ದಿದ್ರೇನು? ಒಂದು ನಿಮಿಷನೂ ಕತ್ತರಿಸ್ಬೇಡಿ" ಎಂದ ನಾರ್ಬರ್ಟ್. ಪುಸ್ತಕದ ಸಾಲಿನಿಂದ ಯಾರೋ ಇಣುಕಿ ನೋಡಿದರು. "ಒಂದು ನಿಮಿಷನೂ."

ಪಾ ಹುವಾ ಅವನ ತೋಳು ಮುಟ್ಟಿದಳು. "ಆಯ್ತು. ನಿಜ ಹೇಳ್ಬೇಕಂದ್ರೆ ಅದಕ್ಕೆ ಹೆಚ್ಚು ಜಾಗಾನೂ ಬೇಡ. ಕೋಡೆಕ್ ಏನ್ ಮಾಡುತ್ತೆ ಗೊತ್ತಾ? ಗೋಡೆ ಕುರ್ಚಿ ಎಲ್ಲಾನೂ ಪ್ರತಿ ಸಲ ಹೊಸದಾಗಿ ಬರೆಯಲ್ಲ. ಒಂದ್ಸಲ ಬರ್ಕೊಂಡು, ಆಮೇಲೆ ಹಿಂದಿನ ಹಾಗೇ ಇದೆ, ಹಿಂದಿನ ಹಾಗೇ ಇದೆ ಅಂತ ಗುರುತು ಹಾಕ್ತಾ ಹೋಗುತ್ತೆ. ಏನು ಬದಲಾಯ್ತೋ ಅಷ್ಟನ್ನ ಮಾತ್ರ ಬರೆಯುತ್ತೆ. ಖಾಲಿ ಅಡುಗೆಮನೆ ಅಂದ್ರೆ ಅದಕ್ಕೆ ಕೆಲಸಾನೇ ಇಲ್ಲ."

ನಾರ್ಬರ್ಟ್ ತಲೆಯಾಡಿಸಿದ. ಮನೆಯಲ್ಲಿ ಈಗಲೂ ಕುರ್ಚಿ ಅಲ್ಲೇ, ಫ್ರಿಜ್ಜು ಅಲ್ಲೇ. ಬದಲಾದದ್ದನ್ನು ಯಾರೂ ಬರೆದು ತೋರಿಸುವ ಅಗತ್ಯವಿರಲಿಲ್ಲ.

ಚಿತ್ರದ ಅಳತೆ ಇಳಿಸಿ, ಎಲ್ಲ ಸಿದ್ಧ ಮಾಡಿ, ಕೊನೆಯ ಆಯ್ಕೆಯ ಹೊತ್ತಿಗೆ ಯಾರೋ ಕರೆದರೆಂದು ಪಾ ಹುವಾ ಎದ್ದಳು. "ಬಂದೆ, ಏನೂ ಮುಟ್ಬೇಡಿ" ಎಂದಳು.

ತೆರೆಯ ಮೇಲೆ ಎರಡು ಕೋಡೆಕ್‌ಗಳ ಹೆಸರಿದ್ದವು. ಒಂದರ ಬಾಲದಲ್ಲಿ 264, ಇನ್ನೊಂದರ ಬಾಲದಲ್ಲಿ 265. ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವನಿಗೆ ಹೊಸ ಯಂತ್ರದ ನಂಬರು ದೊಡ್ಡದೆಂದು ಬೇರೆ ಹೇಳಬೇಕೆ? ಬರ್ನಿಸಳಿಗೆ ಒಂದು ನಂಬರು ಕಡಿಮೆಯದನ್ನು ಕೊಡುವುದೆ? ಮೊಂಡು ಬೆರಳಿನಿಂದ 265 ಒತ್ತಿದ. ಪಾ ಹುವಾ ಬರುವಷ್ಟರಲ್ಲಿ ಯಂತ್ರ ಓಡತೊಡಗಿತ್ತು. ಅವಳು ತಾನೇ ಒತ್ತಿ ಹೋದೆನೆಂದುಕೊಂಡಳು. ಊಟದ ಹೊತ್ತಿಗೆ ಫಲಿತಾಂಶ ಬಂತು: ಇಪ್ಪತ್ತಾರು ಜಿಬಿ ಹೋಗಿ ತೊಂಬತ್ನಾಲ್ಕು ಎಂಬಿ. ನಾರ್ಬರ್ಟ್ ಎದ್ದು ನಿಂತು ಪಾ ಹುವಾಳ ಕೈ ಕುಲುಕಿದ. ಫೈಲು ಮಿಶಿಗನ್ನಿಗೆ ಹೋಯಿತು.

ಎರಡೂವರೆಗೆ, ಅವನಿನ್ನೂ ಲೈಬ್ರರಿಯಲ್ಲಿರುವಾಗಲೇ, ಬ್ರಿಯಾನಾಳ ಫೋನು.

"ಸರ್, ಬಂತು. ಆದ್ರೆ ದನಿ ಮಾತ್ರ ಬರ್ತಿದೆ. ಚಿತ್ರ ಇಲ್ಲ, ಬರೀ ಕಪ್ಪು. ಇಲ್ಲಿ ಲುಸಿಲ್ ತುಂಬಾ..." ಅವಳು ದನಿ ತಗ್ಗಿಸಿದಳು. "ಒಂದೇ ನಿಮಿಷ ಕೇಳಿದ್ರು. ಒಂಬತ್ತು ವರ್ಷ ಮುಖ ತೋರಿಸ್ಲಿಲ್ಲ, ಸತ್ತ ಮೇಲೂ ಕತ್ತಲಲ್ಲಿ ಕೂತ್ಕೊಂಡು ಬೈತಾಳೆ ಅಂತ ಟ್ಯಾಬ್ಲೆಟ್ ಬೋರಲು ಹಾಕ್ಬಿಟ್ರು. ಇನ್ನೇನು ಕಳಿಸಿದ್ರೂ ನೋಡಲ್ವಂತೆ."

ಪಾ ಹುವಾ ತೆರೆ ನೋಡಿದಳು. "265 ಆಯ್ಕೆ ಆಗಿದೆ. ಇದು ಹೊಸ ಕೋಡೆಕ್. ಇನ್ನೂ ಚಿಕ್ಕದಾಗುತ್ತೆ ನಿಜ, ಆದ್ರೆ ಹಳೇ ಟ್ಯಾಬ್ಲೆಟ್‌ಗೆ ಇದನ್ನ ಬಿಡಿಸೋಕೆ ಬರಲ್ಲ. 264 ಆದ್ರೆ ಎಲ್ಲಾ ಕಡೆ ನಡೆಯುತ್ತೆ. ಆದ್ರೆ ನಾನು..."

ನಾರ್ಬರ್ಟ್ ಅವಳ ಮಾತು ಮುಗಿಯಲು ಬಿಡಲಿಲ್ಲ. ಫೋನಿಗೆ ಬಾಯಿ ಹತ್ತಿರ ತಂದು, "ಲುಸಿಲ್ ಕಿವಿ ಹತ್ರ ಹಿಡಿಯಮ್ಮ" ಎಂದ.

ಆ ಕಡೆ ಉಸಿರಾಟದ ಸದ್ದು ಬಂತು.

"ಲುಸಿಲ್, ನಾನು ನಾರ್ಬರ್ಟ್."

"ಏನು?"

"ಅವಳು ಮುಖ ಮುಚ್ಕೊಂಡಿಲ್ಲ. ಮುಖ ಇದೆ. ನಾನು ತಪ್ಪು ಒತ್ತಿದೆ. ನನಗೆ ಗೊತ್ತಿರ್ಲಿಲ್ಲ."

"ಏನಂದೆ?"

"ನನಗೆ ಗೊತ್ತಿರ್ಲಿಲ್ಲ ಅಂದೆ! ಯಾವ್ದೂ ಗೊತ್ತಿರ್ಲಿಲ್ಲ. ಅವರು ಕೋಡೆಕ್ ಅಂದ್ರೆ ನಾನು ಕೊಡಾಕ್ ಅಂದ್ಕೊಂಡೆ. ಊರಲ್ಲಿರೋ ಕ್ಯಾಮೆರಾ ಎಲ್ಲಾ ಎತ್ಕೊಂಡು ಬಂದೆ. ನಲವತ್ತೇಳಿದೆ ಇಲ್ಲಿ. ಬುಟ್ಟೀಲಿ. ಒಂದು ಶೆರಿಫ್‌ದು."

ಉಸಿರಾಟ ನಿಂತಿತು. ಆಮೇಲೆ ಒಂದು ಕೆಮ್ಮು, ಇನ್ನೊಂದು ಕೆಮ್ಮು. ಬ್ರಿಯಾನಾ ಗಾಬರಿಯಾಗಿ ನೀರು ಕೊಡಲು ಹೋದದ್ದು ಕೇಳಿಸಿತು. ಅದು ಕೆಮ್ಮಾಗಿರಲಿಲ್ಲ, ನಗು.

"ಅವಳು ನಿನ್ನ ಹೇಗಪ್ಪಾ ಸಹಿಸ್ಕೊಂಡ್ಲು?" ಎಂದಳು ಲುಸಿಲ್.

"ಅದೂ ಗೊತ್ತಿಲ್ಲ" ಎಂದ ನಾರ್ಬರ್ಟ್. ಲೈಬ್ರರಿಯ ಮಧ್ಯದಲ್ಲಿ ನಿಂತು, ಹೆಣದ ಮುಂದೆಯೂ ಅಳದವನು, ಅತ್ತುಬಿಟ್ಟ.

ನಾಲ್ಕು ಗಂಟೆಗೆ 264ರ ಫೈಲು ಹೋಯಿತು. ನೂರ ಎಪ್ಪತ್ತು ಎಂಬಿ. "ನೀನೂ ಫೋನಿಡ್ಬೇಡ, ಜೊತೇಲಿ ನೋಡು" ಎಂದಳು ಲುಸಿಲ್. ಇಬ್ಬರೂ ಒಂದೇ ಸಲ ಶುರು ಮಾಡಿದರು. ಬೈಗುಳಕ್ಕೆಲ್ಲ ಲುಸಿಲ್ ಜವಾಬು ಕೊಟ್ಟಳು. ಲಿಪ್‌ಸ್ಟಿಕ್ಕಿನ ಮಾತು ಬಂದಾಗ ಮಾತ್ರ, "ಸರಿ ಬರ್ನಿ" ಎಂದಳು, ಅಷ್ಟೆ.

ಬರ್ನಿಸ್ ಎದ್ದುಹೋದಳು. ಖಾಲಿ ಅಡುಗೆಮನೆ ಬಂತು. ಲುಸಿಲ್ ನಿಲ್ಲಿಸು ಎನ್ನಲಿಲ್ಲ. ಇಬ್ಬರೂ ನಲ್ಲಿಯ ಸದ್ದು ಕೇಳುತ್ತ ಕೂತರು. "ಎಷ್ಟು ನೀರು ಸುರೀತಾಳಪ್ಪ" ಎಂದಳು ಲುಸಿಲ್. "ಯಾವಾಗ್ಲೂ ಹಂಗೇ" ಎಂದ ನಾರ್ಬರ್ಟ್.

ನಲವತ್ತನೇ ನಿಮಿಷದ ಹತ್ತಿರ ಬರ್ನಿಸ್ ಮತ್ತೆ ಚೌಕಟ್ಟಿನೊಳಗೆ ಬಂದಳು. ಕ್ಯಾಮೆರಾ ಇನ್ನೂ ನೋಡುತ್ತಿದೆಯೆಂಬುದು ಅವಳಿಗೆ ಮರೆತೇಹೋಗಿತ್ತು. ಕಿಟಕಿಯಿಂದ ಹೊರಗೆ ಇಣುಕಿ, ಗಂಡ ಹಿಮದಲ್ಲೇ ಇದ್ದಾನೆಂದು ಖಚಿತಪಡಿಸಿಕೊಂಡಳು. ಫ್ರಿಜ್ಜಿನ ಮೇಲಿಂದ ಬಟ್ಟೆ ಮುಚ್ಚಿದ ತಟ್ಟೆಯೊಂದನ್ನು ಇಳಿಸಿದಳು. ಅದರಲ್ಲಿದ್ದದ್ದು ಕ್ರಿಸ್‌ಮಸ್ಸಿಗೆಂದು ಮಾಡಿಟ್ಟಿದ್ದ ಗಸಗಸೆಯ ಸಿಹಿ ಸುರುಳಿ. ಒಂದು ದಪ್ಪ ಹೋಳು ಕೊಯ್ದು, ನಿಂತುಕೊಂಡೇ, ಕಣ್ಣು ಮುಚ್ಚಿ ತಿಂದಳು.

"ಅಯ್ಯೋ ಕಳ್ಳಿ!" ಎಂದು ನಾರ್ಬರ್ಟ್ ಕಿರುಚಿದ. "ಡಾಕ್ಟ್ರು ಸಕ್ಕರೆ ಮುಟ್ಬೇಡ ಅಂದಿದ್ರು! ಲುಸಿಲ್, ಅದನ್ನ ನಾನು ತಿಂದೆ ಅಂತ ಹಬ್ಬದ ದಿನ ಎಲ್ಲರ ಮುಂದೆ ಬೈದ್ಲು! ಇಲ್ಲ ಇಲ್ಲ ಅಂದೆ, ನಂಬ್ಲಿಲ್ಲ. ಕೊನೆಗೆ ನಾನೇ ತಿಂದೆ ಅಂತ ಕ್ಷಮೆ ಕೇಳಿದೆ ಕಣೇ!"

"ಶ್ಶ್, ಸುಮ್ನಿರು" ಎಂದಳು ಲುಸಿಲ್. "ಇನ್ನೊಂದು ಕೊಯ್ತಿದಾಳೆ."

ಎರಡನೆಯದನ್ನೂ ತಿಂದು, ಬೆರಳು ನೆಕ್ಕಿ, ಬರ್ನಿಸ್ ತಟ್ಟೆಯನ್ನು ಮೇಲಿಟ್ಟಳು. ಕೊಯ್ದ ಕಡೆಯನ್ನು ಗೋಡೆಗೆ ತಿರುಗಿಸಿದಳು.

"ಅಮ್ಮನೂ ಹಿಂಗೇ ತಿರುಗಿಸೋಳು" ಎಂದಳು ಲುಸಿಲ್. ದನಿ ಒದ್ದೆಯಾಗಿತ್ತು. "ಥೇಟ್ ಹಿಂಗೇ."

ಲುಸಿಲ್ ಅದಾದ ಮೇಲೆ ಹನ್ನೆರಡು ದಿನ ಬದುಕಿದಳು. ದಿನವೂ ನಾಲ್ಕು ಗಂಟೆಗೆ ಬ್ರಿಯಾನಾ ಫೋನು ಮಾಡಿ ಟ್ಯಾಬ್ಲೆಟ್ ಹಿಡಿಯುತ್ತಿದ್ದಳು. ನಾರ್ಬರ್ಟ್ ಅಡುಗೆಮನೆಯ ಮೇಜಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾದಿರುತ್ತಿದ್ದ. ಮೊದಲ ಭಾಗವನ್ನು ಎರಡನೇ ದಿನದಿಂದ ಬಿಟ್ಟರು. ಇಬ್ಬರಿಗೂ ಬೇಕಾಗಿದ್ದದ್ದು ಖಾಲಿ ಅಡುಗೆಮನೆ.

ಕೊನೆಯ ದಿನ ಲುಸಿಲಳಿಗೆ ಕಣ್ಣು ತೆರೆಯಲಾಗಲಿಲ್ಲ.

"ಈಗೇನು ಮಾಡ್ತಿದಾಳೆ?" ಎಂದು ಕೇಳಿದಳು.

"ಕಿಟಕಿ ಹತ್ರ ಹೋದ್ಲು. ನಾನಿದೀನಾ ಅಂತ ನೋಡ್ತಿದಾಳೆ."

"ಈಗ?"

"ತಟ್ಟೆ ಇಳಿಸಿದ್ಲು. ಕೊಯ್ತಿದಾಳೆ. ದಪ್ಪಗೆ."

"ತಿನ್ಲಿ ಬಿಡು" ಎಂದಳು ಲುಸಿಲ್. ಆಮೇಲೆ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಬ್ರಿಯಾನಾ ಮೆಲ್ಲಗೆ, "ಸರ್, ಅವರಿಗೆ ಕೇಳಿಸ್ತಿಲ್ಲ ಅನ್ಸುತ್ತೆ" ಎಂದಳು.

ನಾರ್ಬರ್ಟ್ ಫೋನಿಡಲಿಲ್ಲ. ಎರಡನೇ ಹೋಳು ತಿಂದಳು ಎಂದ. ತಟ್ಟೆ ತಿರುಗಿಸಿದಳು ಎಂದ. ಕೈ ಒರೆಸಿಕೊಂಡು ಒಳಗೆ ಮಲಗೋಕೆ ಹೋದಳು ಎಂದ. ಆಮೇಲೆ ಹೇಳಲು ಏನೂ ಇರಲಿಲ್ಲ. ಕುರ್ಚಿ ಇತ್ತು, ಗೋಡೆ ಇತ್ತು, ಫ್ರಿಜ್ಜು ಇತ್ತು. ಅವನು ಅದನ್ನೂ ಒಂದೊಂದಾಗಿ, ಕ್ಯಾಮೆರಾದ ಬ್ಯಾಟರಿ ತೀರುವವರೆಗೆ ಹೇಳಿದ.